ಎಂಟು ಖಾಲಿ ಪುಟ

"ಇಲ್ಲಿಂದ ಹಿಡ್ದು ಇಲ್ಲಿವರೆಗೆ. ಇಷ್ಟೂ ತೆಗ್ದ್‌ಬಿಡು."

ಮಧುಕೇಶ್ವರ ಹೆಗಡೆಯವರು ಕಂಪ್ಯೂಟರ್ ಪರದೆಗೆ ಬೆರಳು ಒತ್ತಿ ಮೇಲಿಂದ ಕೆಳಗೆ ಎಳೆದು ತೋರಿಸಿದರು. ಬೆರಳು ಹೋದಲ್ಲೆಲ್ಲ ಗಾಜಿನ ಮೇಲೆ ಎಣ್ಣೆಯ ಗೆರೆ ಉಳಿಯಿತು. ರಕ್ಷಿತಾ ಮೌಸಿನ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಪರದೆಯ ಮೇಲಿದ್ದದ್ದು ಹದಿನೇಳನೇ ಅಧ್ಯಾಯ. ಪುಸ್ತಕದ ಕೊನೆಯ ಅಧ್ಯಾಯ, ಇನ್ನೂರೈವತ್ತೇಳನೇ ಪುಟದಿಂದ ಇನ್ನೂರರವತ್ನಾಲ್ಕರವರೆಗೆ. ಅದರ ಮೊದಲ ಸಾಲಿನಲ್ಲೇ ಅವಳ ಅಜ್ಜನ ಹೆಸರಿತ್ತು.

ಶಿರಸಿಯ ದೇವಿಕೆರೆ ಹತ್ತಿರದ ಓಣಿಯಲ್ಲಿ ಸುಹಾಸನ ಪ್ರೆಸ್ಸು. ರಕ್ಷಿತಾ ಅಲ್ಲಿ ನಾಲ್ಕು ವರ್ಷದಿಂದ ಡಿಟಿಪಿ ಮಾಡುತ್ತಾಳೆ. ಮದುವೆ ಕರೆಯೋಲೆ, ಸೊಸೈಟಿ ವರದಿ, ಯಕ್ಷಗಾನದ ಕರಪತ್ರ, ಯಾವುದು ಬಂದರೂ ಸೈ, ಮಧ್ಯಾಹ್ನದೊಳಗೆ ಮುಗಿಸಿ ಕೊಡುವವಳು. ಈ ಪುಸ್ತಕದ ಮಾತು ಮಾತ್ರ ಬೇರೆ. ಇದಕ್ಕೆ ಮೂರು ವರ್ಷ ಹಿಡಿದಿತ್ತು. ಬರೆದ ರಘುಪತಿ ಮಾಸ್ತರು ಅವಳ ಪಕ್ಕದಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಈಗ ಬಾಯಿ ಬಿಡುತ್ತಾರೆ, ಈಗ ಬಿಡುತ್ತಾರೆ ಎಂದು ಅವಳು ಕಾದಳು.

ಬಿಟ್ಟರು. ಆದರೆ ಅದೂ ಒಂದು ದನಿಯೆ!

"ಮಧು, ಇದ್ದದ್ದನ್ನೇ ಬರದ್ದೆ ಆನು."

"ಇದ್ದದ್ದೆಲ್ಲ ಬರೆಯಲೆ ಆಗ್ತಿಲ್ಲೆ ಮಾರಾಯ," ಎಂದರು ಹೆಗಡೆಯವರು. "ಪುಸ್ತಕ ರೋಮಿಂದು. ಮಧ್ಯ ಯಮ್ಮನೆ ಸುದ್ದಿ ಎಂತಕ್ಕೆ? ಅದೂ ಯಾರ ಮಾತು ಕೇಳ್ಕಂಡು? ಕೂಲಿಗೆ ಬಂದಂವ ಹೇಳಿದ್ದೆಲ್ಲ ಇತಿಹಾಸ ಆಗ್ತನೋ? ಅಂವಂಗೆ ಓದಲೆ ಬತ್ತಿಲ್ಲೆ, ಬರೆಯಲೆ ಬತ್ತಿಲ್ಲೆ."

ಆ ಕೂಲಿಗೆ ಬಂದವನ ಮೊಮ್ಮಗಳು ಅವರ ಬೆರಳಿನಿಂದ ಒಂದು ಮೊಳ ದೂರದಲ್ಲಿ ಕೂತಿದ್ದಾಳೆ! ಹೆಗಡೆಯವರಿಗೆ ಅದು ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಒಂದೇ ಊರಿನವರು. ಅವರ ಮನೆಮಾತು ಅವಳಿಗೆ ಅರ್ಥವಾಗುತ್ತದೆ ಎಂಬುದೂ ಗೊತ್ತು. ಗೊತ್ತಿದ್ದೂ ಆಡಿದರು. ಅವಳು ಅಲ್ಲಿದ್ದದ್ದು ಅವರ ಲೆಕ್ಕಕ್ಕೇ ಇರಲಿಲ್ಲ.

"ಬಪ್ಪ ಆದಿತ್ಯವಾರ ಬಿಡುಗಡೆ ಇದ್ದು," ಹೆಗಡೆಯವರು ಮುಂದುವರಿಸಿದರು. "ಪುಸ್ತಕ ಪ್ರಕಟಣಾ ಸಮಿತಿ ಅಧ್ಯಕ್ಷ ಆನು. ಸಭಾಭವನಕ್ಕೆ ಹೇಳಿದಂವ ಆನು. ಇದೊಂದು ಇದ್ರೆ ಪುಸ್ತಕವೇ ಇಲ್ಲೆ, ಈಗಲೇ ಹೇಳಿಬಿಡ್ತೆ. ಒಂದು ಹೋದ್ರೆ ಹದಿನಾರು ಉಳೀತು. ನೀನೇ ವಿಚಾರ ಮಾಡು."

ಮಾಸ್ತರು ವಿಚಾರ ಮಾಡಿದರು. ನೆಲ ನೋಡಿದರು, ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ತೆಗಿ ತಂಗಿ," ಎಂದರು.

ರಕ್ಷಿತಾಗೆ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷ ಇದೇ ಸ್ಟೂಲಿನ ಮೇಲೆ ಕೂತು ಪುಸ್ತಕ ಸುಟ್ಟವರ ಅನ್ಯಾಯವನ್ನು ಅವಳ ಕಿವಿ ತೂತಾಗುವಷ್ಟು ಹೇಳಿದ್ದ ಮನುಷ್ಯ ಇವರೇನಾ? ಹೆಗಡೆಯವರ ಕಾರು ಓಣಿ ದಾಟುವವರೆಗೂ ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಮಾಸ್ತರು "ಬಸ್ಸಿಗೆ ಹೊತ್ತಾಯ್ತು" ಎಂದು ಗೊಣಗಿ ಎದ್ದು ಹೋದರು. ದಿನವೂ ಹೋಗುವಾಗ "ಬರ್ತೇನೆ ತಂಗಿ" ಎನ್ನುತ್ತಿದ್ದರು. ಅವತ್ತು ಅದನ್ನೂ ಅನ್ನಲಿಲ್ಲ.

ಮಾಸ್ತರು ಸಿದ್ದಾಪುರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಈ ಕಡೆ ಇತಿಹಾಸ ಓದಿದವರು ಬನವಾಸಿ ಹಿಡಿದುಕೊಳ್ಳುತ್ತಾರೆ, ಇಲ್ಲವೇ ಸೋಂದೆ. ಇವರಿಗೆ ಹಿಡಿದದ್ದು ರೋಮಿನ ಹುಚ್ಚು. ಅದೂ ರೋಮಿನವರು ಬರೆದು ಉಳಿದುಕೊಂಡಿರುವ ಇತಿಹಾಸವಲ್ಲ, ಬರೆದು ಕಳೆದುಹೋದದ್ದು! ಇದ್ದ ಪುಸ್ತಕ ಓದುವವರೇ ಗತಿಯಿಲ್ಲದ ಕಾಲದಲ್ಲಿ ಇಲ್ಲದ ಪುಸ್ತಕದ ಬೆನ್ನು ಹತ್ತಿದ್ದಾರೆ ಎಂದು ಊರವರು ನಗಾಡಿದರು. ಮಾಸ್ತರು ತಲೆ ಕೆಡಿಸಿಕೊಳ್ಳಲಿಲ್ಲ. ನಲವತ್ತು ದಾಟಿದ ಮೇಲೆ ಯಲ್ಲಾಪುರದಲ್ಲಿದ್ದ ಪಾದ್ರಿಯೊಬ್ಬರ ಹತ್ತಿರ ಹೋಗಿ ಹೋಗಿ ಲ್ಯಾಟಿನ್ ಕಲಿತರು. ಮೂವತ್ತು ವರ್ಷ ಚೂರುಪಾರು ಹೆಕ್ಕಿದರು. ಅವರ ಅಕ್ಷರವೋ, ಇರುವೆಗೆ ಶಾಯಿ ಹಚ್ಚಿ ಬಿಟ್ಟಂತೆ. ಓದಲಿಕ್ಕೆ ಬರುತ್ತಿದ್ದದ್ದು ಅವರೊಬ್ಬರಿಗೆ, ಬಿಟ್ಟರೆ ರಕ್ಷಿತಾಗೆ.

ಟೈಪು ಮಾಡುತ್ತ ಮಾಡುತ್ತ ಅವಳಿಗೂ ಆ ಸತ್ತವರೆಲ್ಲ ಪರಿಚಯದವರಾದರು. ಒಬ್ಬ, ರೋಮ್ ಹುಟ್ಟಿದಲ್ಲಿಂದ ಹಿಡಿದು, ನೂರ ನಲವತ್ತೆರಡು ಪುಸ್ತಕ ಬರೆದನಂತೆ. ಈಗ ಕೈಗೆ ಸಿಗುವುದು ಮೂವತ್ತೈದು. ಉಳಿದವುಗಳಲ್ಲಿ ಏನಿತ್ತು ಎಂದು ತಿಳಿಯುವುದು ಯಾರೋ ಪುಣ್ಯಾತ್ಮ ಒಂದೊಂದಕ್ಕೂ ನಾಲ್ಕು ಸಾಲಿನ ಸಾರ ಬರೆದಿಟ್ಟದ್ದರಿಂದ. ಇನ್ನೊಬ್ಬ, ರಾಜನನ್ನು ಕೊಂದವರನ್ನು ಹೊಗಳಿ ಬರೆದ. ಹೊಸ ರಾಜನ ಕಾಲದಲ್ಲಿ ವಿಚಾರಣೆಯಾಯಿತು. ಅವನು ಅನ್ನ ನೀರು ಬಿಟ್ಟು ಸತ್ತ. ಅವನ ಪುಸ್ತಕವನ್ನೆಲ್ಲ ಸುಟ್ಟುಹಾಕಿ ಎಂದು ಅಲ್ಲಿನ ಹಿರಿಯರ ಸಭೆಯೇ ಅಪ್ಪಣೆ ಕೊಟ್ಟಿತು. ಅವನ ಮಗಳು ಮಾರ್ಸಿಯಾ ಒಂದು ಪ್ರತಿಯನ್ನು ಬಚ್ಚಿಟ್ಟಳು. ಬಚ್ಚಿಟ್ಟದ್ದು ಸಿಕ್ಕಿದ್ದರೆ ಅವಳ ತಲೆಯೂ ಉಳಿಯುತ್ತಿರಲಿಲ್ಲ. ಈ ಅಧ್ಯಾಯ ಟೈಪಾಗುವ ದಿನ ಮಾಸ್ತರು ಸ್ಟೂಲಿನಿಂದ ಎದ್ದು ನಿಂತು, "ಹೆಣ್ಣುಮಗಳು ತಂಗಿ! ಒಬ್ಬಳೇ ಒಬ್ಬಳು ಹೆಣ್ಣುಮಗಳು!" ಎಂದು ಕೂಗಿದ್ದರು. ಮಷೀನಿನ ಹತ್ತಿರವಿದ್ದ ಸುಹಾಸ ಏನೋ ಅನಾಹುತವಾಯಿತೆಂದು ಓಡಿ ಬಂದಿದ್ದ.

ಆ ರೋಮಿನವರನ್ನು ನೋಡಿ ಮಾಸ್ತರಿಗೂ ಒಂದು ಆಸೆ. ತಮ್ಮ ಪುಸ್ತಕದ ಕೊನೆಯಲ್ಲೂ ಪ್ರತಿ ಅಧ್ಯಾಯಕ್ಕೆ ಮೂರು ಸಾಲಿನ ಸಾರ ಹಾಕಿದರು. "ಪುಸ್ತಕ ಒರಲೆ ತಿಂದ್ರೂ ಇದೊಂದು ಹಾಳೆ ಯಾರದ್ದೋ ಕೈಗೆ ಸಿಗ್ಲಿ," ಎಂದು ನಕ್ಕಿದ್ದರು.

ಹದಿನೇಳನೇ ಅಧ್ಯಾಯ ಹುಟ್ಟಿದ್ದು ರಕ್ಷಿತಾಳ ಬಾಯಿಂದಲೇ. ಒಂದು ದಿನ ಅವಳು ಸುಮ್ಮನಿರಲಾರದೆ, "ಅಲ್ಲಿ ಸುಟ್ರು, ನಮ್ಮೂರಲ್ಲಿ ಹೊಳೆಗೆ ಬಿಟ್ಟಿದ್ರಲ್ಲ ಮಾಸ್ತರೆ, ಮೇಲಿನಮನೆ ಓಲೆಗರಿ. ನಮ್ಮಜ್ಜನೇ ಹೊತ್ಕೊಂಡ್ ಹೋಗಿದ್ದು," ಎಂದುಬಿಟ್ಟಳು. ಮಾಸ್ತರು ಕನ್ನಡಕ ತೆಗೆದರು. ಅದೇ ಊರಿನಲ್ಲಿ ಹುಟ್ಟಿ ಬೆಳೆದವರು, ಅವರಿಗೇ ಗೊತ್ತಿರಲಿಲ್ಲ. ಮರುದಿನವೇ ಅವಳ ಮನೆಗೆ ಬಂದರು, ಅಂಗಳದಲ್ಲಿ ಅಜ್ಜನ ಎದುರು ಚಾಪೆಯ ಮೇಲೆ ಕೂತರು.

ಅಜ್ಜ ಕೆರಿಯನಿಗೆ ಆಗ ಇಪ್ಪತ್ತರ ಪ್ರಾಯವಂತೆ, ಮಾಸ್ತರು ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಹುಡುಗ. ಮೇಲಿನಮನೆಯೆಂದರೆ ಮಧುಕೇಶ್ವರ ಹೆಗಡೆಯವರ ಮನೆ. ಆ ಮನೆಯ ಅಟ್ಟದಲ್ಲಿ ನಾಲ್ಕು ಕಟ್ಟು ಓಲೆಗರಿ ಇತ್ತು. ಊರಿನ ಕಥೆ ಅದು: ಯಾವ ಅರಸ ಬಂದ, ಯಾವಾಗ ಊರಾಯಿತು, ಕೆರೆ ಯಾರು ತೋಡಿದರು ಎಂದು. ನವಮಿಯ ದಿನ ಹಿರಿಯ ಹೆಗಡೆಯವರು, ಅಂದರೆ ಮಧುಕೇಶ್ವರರ ಅಜ್ಜ, ಜಗಲಿಯ ಮೇಲೆ ಕೂತು ಅದನ್ನು ಓದುತ್ತಿದ್ದರು. ಕೆರಿಯನ ಮನೆಯವರೆಲ್ಲ ಅಂಗಳದಲ್ಲಿ ಕೂತು ಕೇಳುತ್ತಿದ್ದರು.

"ಕೆರೆ ಮಣ್ಣು ಹೊತ್ತೋರ ಹೆಸ್ರು ಬರ್ತಿತ್ತು ಮಾಸ್ತರೆ, ಹನ್ನೊಂದು ಜನ," ಎಂದು ಅಜ್ಜ ಹೇಳಿದ. "ನಮ್ಮೋರೇ ಎಲ್ಲ. ಅದು ಬಂದ ಕೂಡ್ಲೆ ನಮ್ಮಬ್ಬೆ ನನ್ನ ಬೆನ್ನಿಗೆ ಗುದ್ದೋಳು, ಕೇಳ್ಕಳೋ ಅಂತ. ವರ್ಷಾನೂ ಕೇಳಿ ಕೇಳಿ ಬಾಯಿಪಾಠ ಆಗೋಯ್ತು."

ಹಿರಿಯ ಹೆಗಡೆಯವರು ತೀರಿಕೊಂಡರು. ಅವರ ಮಗನಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಗರಿಗೆ ಒರಲೆ ಹತ್ತಿತು. ಮುಕ್ಕಾದ ಗ್ರಂಥ ಮನೆಯಲ್ಲಿ ಇಟ್ಟುಕೊಳ್ಳಬಾರದು, ಸುಟ್ಟರೆ ಪಾಪ, ಹರಿಯುವ ನೀರಿಗೆ ಬಿಡಿ ಎಂದು ಪುರೋಹಿತರು ಹೇಳಿದರು. ಎಲ್ಲ ಭಕ್ತಿಯಿಂದಲೇ ನಡೆದದ್ದು! ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಶಂಖ ಊದಿ. ಬುಟ್ಟಿ ಹೊತ್ತವನು ಕೆರಿಯ. ಸಹಸ್ರಲಿಂಗದ ಹತ್ತಿರ ಶಾಲ್ಮಲೆ ಹೊಳೆಗೆ ಎದೆಮಟ್ಟ ಇಳಿದು ಒಂದೊಂದೇ ಕಟ್ಟು ಬಿಟ್ಟ.

"ಓಲೆಗರಿ ಮುಳುಗೂದಿಲ್ಲ ಮಾಸ್ತರೆ," ಅಜ್ಜನ ದನಿ ಅಲ್ಲಿಗೆ ಬಂದಾಗ ಒಡೆದಿತ್ತು. "ಬಿಟ್ಟಾಂಗೂ ಬಿಟ್ಟಾಂಗೂ ಮೇಲೆ ಬರ್ತದೆ. 'ಕಲ್ಲು ಹೇರೋ' ಅಂದ್ರು ದಡದ ಮೇಲಿಂದ. 'ಒಡೆಯಾ, ಇದ್ರಲ್ಲಿ ನಮ್ಮೋರ ಹೆಸ್ರದೆ' ಅಂದೆ. ನಗ್ಯಾಡಿದ್ರು. ನಾನೇ ಕಲ್ಲು ಹೇರ್ದೆ. ಈ ಕೈಲೇ."

ಆಮೇಲೆ ಕಣ್ಣು ಮುಚ್ಚಿ ಹನ್ನೊಂದು ಹೆಸರನ್ನೂ ಹೇಳಿದ. ಮಾಸ್ತರು ಬರೆದುಕೊಂಡರು. "ಕೆರಿಯಾ, ಇದು ಪುಸ್ತಕಕ್ಕೆ ಬರ್ತದೆ. ನಿನ್ನ ಹೆಸರು ಹಾಕ್ತೇನೆ," ಎಂದು ಎದ್ದು ಹೋಗುವಾಗ ಅವರೇ, ಕೇಳದೆ, ಮಾತು ಕೊಟ್ಟರು.

ಆ ಮಾತೀಗ "ತೆಗಿ ತಂಗಿ" ಆಗಿತ್ತು.

ಅವತ್ತು ಸಂಜೆ ಅವಳು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಜ್ಜ ಕೇಳಿಯೇಬಿಟ್ಟ. ಪುಸ್ತಕ ಅಚ್ಚಿಗೆ ಹೋಗುವ ವಾರವೆಂದು ಗೊತ್ತಾದಾಗಿನಿಂದ ದಿನವೂ ಅದೇ ಪ್ರಶ್ನೆ.

"ಬಂತನೆ ನನ್ನ ಹೆಸ್ರು?"

ಸುಳ್ಳು ಹೇಳೋಣವೆಂದುಕೊಂಡಳು. ನಾಲಿಗೆ ತಿರುಗಲಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು, 'ಕೂಲಿಗೆ ಬಂದಂವ' ಎಂದದ್ದೊಂದನ್ನು ಬಿಟ್ಟು. ಅಜ್ಜ ಕೂಗಾಡಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು ಬಂದ.

"ಆಗ ನನ್ನ ಕೈಲಿ ಮುಳುಗ್ಸಿದ್ರು. ಈಗ ನಿನ್ನ ಕೈಲಿ," ಎಂದ. "ಆ ಮನೆಯೋರಿಗೆ ಹೊರೂಕೆ ನಾವೇ ಆಗ್ಬೇಕು ನೋಡು."

ರಕ್ಷಿತಾ ಊಟದ ತಟ್ಟೆಯನ್ನು ಅತ್ತ ಸರಿಸಿದಳು. ಅಲ್ಲ, ಯಾವ ನ್ಯಾಯ ಇದು? ಪುಸ್ತಕದ ಮೊದಲ ಪುಟದಲ್ಲಿ ಹೆಗಡೆಯವರ ಶುಭಸಂದೇಶವಿದೆ. ಅದನ್ನೂ ಅವಳೇ ಟೈಪು ಮಾಡಿದ್ದು. 'ಏಳು ತಲೆಮಾರಿನಿಂದ ಜ್ಞಾನಸಂಪತ್ತನ್ನು ಕಾಪಾಡಿಕೊಂಡು ಬಂದ ನಮ್ಮ ಮನೆತನ' ಎಂದು ಶುರುವಾಗುತ್ತದೆ. ಕಾಪಾಡಿದ್ದಂತೆ! ಹೊಳೆಯ ತಳದಲ್ಲಿ ಕಲ್ಲು ಹೇರಿ ಕಾಪಾಡಿದ್ದು. ಗೊತ್ತಿಲ್ಲದೆ ಮಾಡಿದ್ದು ಹಿರಿಯರ ತಪ್ಪು, ಒಪ್ಪೋಣ. ಭಕ್ತಿಯಿಂದ ಮಾಡಿದರು, ಅದನ್ನೂ ಒಪ್ಪೋಣ. ಗೊತ್ತಿದ್ದೂ ಈಗ ಇನ್ನೊಮ್ಮೆ ಮುಳುಗಿಸಿದರೆ ಅದಕ್ಕೆ ಏನೆನ್ನಬೇಕು?

ಮರುದಿನ ಬೆಳಿಗ್ಗೆ ಪ್ರೆಸ್ಸಿಗೆ ಎಲ್ಲರಿಗಿಂತ ಮೊದಲು ಹೋದಳು. ಹದಿನೇಳನೇ ಅಧ್ಯಾಯವನ್ನು ಪೂರ್ತಿ ಅಳಿಸಿದಳು. ಒಂದಕ್ಷರ ಬಿಡಲಿಲ್ಲ. ಆದರೆ ಅದರ ನಂತರ ಬರುವ ಸಾರ, ಪದಸೂಚಿಯ ಪುಟಗಳನ್ನು ಮುಂದಕ್ಕೆ ಎಳೆದು ಆ ಜಾಗವನ್ನು ಮುಚ್ಚಲಿಲ್ಲ. ಪುಟದ ತಲೆಯ ಮೇಲೆ ಅಧ್ಯಾಯದ ಸಂಖ್ಯೆ ಹಾಗೇ ನಿಂತಿತು, ಕೆಳಗೆ ಪುಟದ ಅಂಕೆ, ನಡುವೆ ಬಿಳಿ. ವಿಷಯಸೂಚಿಯನ್ನು ಮುಟ್ಟಲಿಲ್ಲ. ಸಾರದ ಮೂರು ಸಾಲು, ಕೊನೆಯ ಪದಸೂಚಿಯಲ್ಲಿ 'ಕೆರಿಯ, ೨೫೭' ಎಂದಿದ್ದದ್ದು, ಯಾವುದನ್ನೂ ಮುಟ್ಟಲಿಲ್ಲ. ಪ್ರೂಫ್ ತೆಗೆದು ಸುಹಾಸನ ಮೇಜಿನ ಮೇಲಿಟ್ಟಳು.

ಸುಹಾಸ ಪುಟ ತಿರುಗಿಸುತ್ತ ತಿರುಗಿಸುತ್ತ ನಿಂತ. "ಎಂತದೇ ಇದು? ಎಂಟು ಪುಟ ಬಿಳಿ!"

"ತೆಗೀರಿ ಅಂದ್ರು, ತೆಗ್ದೆ. ಜಾಗ ಮುಚ್ಚಿ ಅಂತ ಯಾರೂ ಹೇಳ್ಲಿಲ್ಲ."

"ಹೆಗಡೇರು ನನ್ನ ಚರ್ಮ ಸುಲೀತಾರೆ ಮಾರಾಯ್ತಿ."

"ಪುಸ್ತಕ ಹೆಗಡೇರದ್ದಾ, ಮಾಸ್ತರದ್ದಾ?"

ಸುಹಾಸ ತಲೆ ಕೆರೆದುಕೊಂಡ. ಕೆಟ್ಟವನಲ್ಲ, ಪುಕ್ಕಲ ಅಷ್ಟೆ. "ಪ್ರೂಫಿಗೆ ಮಾಸ್ತರ ಸಹಿ ತಗೊಂಬಾ. ಸಹಿ ಇದ್ರೆ ನಾ ಮಷೀನ್ ತಿರುಗಿಸ್ತೇನೆ. ಇಲ್ಲದಿದ್ರೆ ಇಲ್ಲ," ಎಂದ. ಯಾವ ಪುಸ್ತಕವೇ ಆಗಲಿ, ಕೊನೆಯ ಪ್ರೂಫಿನ ಮೇಲೆ ಬರೆದವರು 'ಮುದ್ರಿಸಬಹುದು' ಎಂದು ಬರೆದು ಸಹಿ ಹಾಕದೆ ಅವನು ಕಾಗದ ಮುಟ್ಟುತ್ತಿರಲಿಲ್ಲ.

ಊರಿಗೆ ವಾಪಸ್ಸು ಭೈರುಂಬೆಯ ಬಸ್ಸು ಹಿಡಿದು ಅವಳು ಮಾಸ್ತರ ಮನೆಗೆ ಹೋದಾಗ ಹನ್ನೊಂದರ ಬಿಸಿಲು. ಮಾಸ್ತರು ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಅವಳನ್ನು ನೋಡಿ ಪೇಪರನ್ನು ಇನ್ನಷ್ಟು ಮೇಲೆತ್ತಿದರು. ರಕ್ಷಿತಾ ಪ್ರೂಫನ್ನು ಅವರ ಮುಂದಿಟ್ಟು, ಅವರು ಕೂತುಕೋ ಅನ್ನುವ ಮೊದಲೇ ಎದುರಿಗೆ ಕೂತಳು. ಆ ಜಗಲಿಯ ಮೇಲೆ ಅವಳು ಕೂತದ್ದು ಅದೇ ಮೊದಲು.

ಮಾಸ್ತರು ಕೊನೆಯ ಹಾಳೆಗಳನ್ನು ತಿರುವಿದರು. ಒಂದು ಬಿಳಿ, ಎರಡು ಬಿಳಿ. ಮುಖ ಸಪ್ಪಗಾಯಿತು.

"ಇದು ಬೇಡ ತಂಗಿ. ಪುಟ ಸರಿಸಿಬಿಡು. ಹದಿನಾರು ಅಧ್ಯಾಯ ಉಳೀತದಲ್ಲ, ಅದು ಸಾಕು. ನನಗೆ ಎಪ್ಪತ್ತಾರು. ಇವರು ಬಿಟ್ರೆ ಮತ್ಯಾರು ಹಾಕ್ತಾರೆ ಇದನ್ನ?"

"ಹದಿನಾರು ಯಾರದ್ದು ಮಾಸ್ತರೆ? ರೋಮಿನವ್ರದ್ದು. ಅವ್ರಿಗೆ ಅಳೂಕೆ ಲೋಕಕ್ಕೆ ಲೋಕವೇ ಅದೆ. ನಮ್ಮಜ್ಜಂಗೆ ಇದ್ದದ್ದು ಈ ಒಂದು," ಎಂದಳು ರಕ್ಷಿತಾ. ದನಿ ಏರಿತು, ಏರಲಿ ಎಂದು ಬಿಟ್ಟಳು. "ನೀವೇ ಬಂದು ಕೂತ್ರಿ. ನೀವೇ ಮಾತು ಕೊಟ್ರಿ. ನಾವು ಕೇಳಿದ್ವಾ? ಆ ಮಾರ್ಸಿಯಾ ಅಂತ ಎದ್ದು ಕೂಗಿದ್ರಲ್ಲ, ಅವಳೂ 'ಹೋಗ್ಲಿ ಬಿಡು' ಅಂದಿದ್ರೆ ನಿಮಗೆ ಬರಿಯೂಕೆ ಎಂತ ಇರ್ತಿತ್ತು?"

"ಅವಳು ಉಳಿಸಿದ್ದೂ ಪೂರ್ತಿ ಹೊರಗೆ ಬರ್ಲಿಲ್ಲ ತಂಗಿ," ಮಾಸ್ತರು ಮೆಲ್ಲಗೆ ಹೇಳಿದರು. "ಎರಡನೇ ಸಲ ಪ್ರತಿಯಾಗುವಾಗ ಅಪಾಯದ ಮಾತೆಲ್ಲ ಕತ್ತರಿಸಿ ಬಿಟ್ಟಿದ್ರಂತೆ. ಆಮೇಲೆ ಅದೂ ಹೋಯ್ತು."

"ಕತ್ತರಿಸಿದ್ರು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಬೇರೆಯವರು ಬರೆದಿಟ್ಟಿದ್ದಾರೆ. ಕತ್ತರಿಸಿದೆ ಅಂತ."

"ಹಾಗಾದ್ರೆ ಇಲ್ಲೂ ಕತ್ತರಿಸಿದ್ದು ಅಂತ ಗೊತ್ತಾಗ್ಲಿ. ನಾ ಕೇಳೂದು ಅಷ್ಟೇ. ಅಧ್ಯಾಯ ಹಾಕಿ ಅನ್ನೂದಿಲ್ಲ. ತೆಗ್ದಿದ್ದೇನೆ. ತೆಗ್ದದ್ದನ್ನ ಮುಚ್ಚೂಕೆ ನನ್ನ ಕೈಲಿ ಆಗೂದಿಲ್ಲ. ಅದು ಬೇಕಿದ್ರೆ ನೀವೇ ಬಂದು ಮಾಡಿ."

ಅಷ್ಟರಲ್ಲಿ ಮಾಸ್ತರ ಹೆಂಡತಿ ವಿನೋದಕ್ಕ ಒಳಗಿಂದ ಕಷಾಯದ ಲೋಟ ಹಿಡಿದು ಬಂದರು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ್ದರೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಒಂದು ಲೋಟವನ್ನು ರಕ್ಷಿತಾಳ ಕೈಗೆ ಕೊಟ್ಟು, ಇನ್ನೊಂದನ್ನು ಗಂಡನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟರು.

"ಮೂವತ್ತು ವರ್ಷಂದ ಇಲ್ಲೇ ಕೂತ್ಕಂಡು ರೋಮಿನ ರಾಜರಿಗೆಲ್ಲ ಬಯ್ದ್ರಿ," ಎಂದರು. "ಅಂವ ಪುಸ್ತಕ ಸುಟ್ಟ, ಇಂವ ಬರದಂವನ್ನೇ ಕೊಂದ ಹೇಳಿ ಯಂಗೆ ಸರಿ ಉಣ್ಣಲೂ ಬಿಟ್ಟಿದ್ರಿಲ್ಲೆ. ಈಗ ನೋಡಿರೆ ಹೆದರಿದ್ದು ಯಾರಿಗೆ? ನಮ್ಮ ಮಧುಕೇಶ್ವರಂಗೆ! ಶಾಲು ಹೊದಿಸ್ತ ಹೇಳಿ!"

ಮಾಸ್ತರ ಕಿವಿ ಕೆಂಪಾಯಿತು. ಕಷಾಯದ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಪೆನ್ನು ತೆಗೆದು, ಖಾಲಿ ಪುಟದ ಮೂಲೆಯಲ್ಲೇ 'ಮುದ್ರಿಸಬಹುದು' ಎಂದು ಬರೆದು, ತಮ್ಮ ಇರುವೆಯಂಥ ಅಕ್ಷರದಲ್ಲಿ ಸಹಿ ಹಾಕಿದರು. ಅವಳ ಮುಖ ನೋಡಲಿಲ್ಲ. ಅವಳೂ ಥ್ಯಾಂಕ್ಸ್ ಹೇಳಲಿಲ್ಲ, ಯಾಕೆ ಹೇಳಬೇಕು?

ಪುಸ್ತಕಗಳು ಸಭಾಭವನಕ್ಕೆ ಬಂದದ್ದು ಆದಿತ್ಯವಾರ ಮಧ್ಯಾಹ್ನ, ಸಭೆ ಶುರುವಾಗಲು ಅರ್ಧ ತಾಸು ಇರುವಾಗ. ಸುಹಾಸ ಬೇಕೆಂದೇ ಹಾಗೆ ಮಾಡಿದನೋ, ಬೈಂಡಿಂಗ್ ತಡವಾಯಿತೋ, ಅವನನ್ನೇ ಕೇಳಬೇಕು. ಬಿಚ್ಚಿ ನೋಡಲಿಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ವೇದಿಕೆಗೆ ಐದು ಪ್ರತಿಗಳನ್ನು ಬಣ್ಣದ ಕಾಗದದಲ್ಲಿ ಸುತ್ತಿಟ್ಟರು, ಉಳಿದದ್ದು ಬಾಗಿಲ ಹತ್ತಿರದ ಮೇಜಿಗೆ ಹೋಯಿತು. ಬಂದವರು ಒಂದೊಂದು ಪ್ರತಿ ತೆಗೆದುಕೊಂಡು ಬೀಸಣಿಗೆ ಮಾಡಿಕೊಂಡು ಕೂತರು.

ರಕ್ಷಿತಾ ಅಜ್ಜನನ್ನು ಕರೆದುಕೊಂಡು ಬಂದಿದ್ದಳು. "ನನ್ನ ಮಾತಿಲ್ಲದ ಪುಸ್ತಕಕ್ಕೆ ನಾ ಎಂತಕ್ಕೆ?" ಎಂದು ಅವನು ಹಟ ಹಿಡಿದಿದ್ದ. "ಮಾತಿಲ್ಲ, ಹೆಸ್ರದೆ. ಬಾ ನೀನು," ಎಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ ಹೊರಡಿಸಿದ್ದಳು. ಕೊನೆಯ ಸಾಲಿನಲ್ಲಿ ಕೂತರು.

ಹೆಗಡೆಯವರು ಅಧ್ಯಕ್ಷ ಭಾಷಣಕ್ಕೆ ಎದ್ದರು. ಏಳು ತಲೆಮಾರು ಬಂತು, ಜ್ಞಾನಸಂಪತ್ತು ಬಂತು. ಪಕ್ಕದಲ್ಲಿ ಮಾಸ್ತರು ಶಾಲು ಹೊದ್ದು ಕೂತಿದ್ದರು. ಸಭೆಯಲ್ಲಿ ಅರ್ಧ ಜನ ಪುಸ್ತಕ ತಿರುವುತ್ತಿದ್ದರು. ಪುಸ್ತಕವನ್ನು ಹಿಂದಿನಿಂದ ತೆರೆಯುವುದು ನಮ್ಮ ಜನರ ಅಭ್ಯಾಸ, ಎಷ್ಟು ಪುಟ ಎಂದು ನೋಡಲಿಕ್ಕೆ. ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ಪಕ್ಕದವಳಿಗೆ ತೋರಿಸಿದಳು. ಪಕ್ಕದವಳು ಅವಳ ಪಕ್ಕದವಳಿಗೆ. ಸರಬರ ಸದ್ದು ಹಿಂದಿನ ಸಾಲಿನವರೆಗೂ ಬಂತು. ಕಡೆಗೆ ಆ ಹೆಂಗಸು ಎದ್ದೇ ನಿಂತಳು. ಕಾಲೇಜಿನಲ್ಲಿ ಪಾಠ ಮಾಡುವವಳಿರಬೇಕು, ಸಭೆಗೆ ಹೆದರುವ ಪೈಕಿಯಲ್ಲ.

"ಕ್ಷಮಿಸಿ. ಇಲ್ಲಿ ಎಂಟು ಪುಟ ಖಾಲಿ ಇದೆ," ಎಂದಳು. "ಸಾರದಲ್ಲಿ ಮಾತ್ರ ಬರೆದಿದ್ದಾರೆ, ಓದ್ತೇನೆ: 'ಹದಿನೇಳನೆಯ ಅಧ್ಯಾಯ. ಮೇಲಿನಮನೆಯ ನಾಲ್ಕು ಕಟ್ಟು ಓಲೆಗರಿಯನ್ನು ಹೊಳೆಗೆ ಬಿಟ್ಟದ್ದು. ಅದನ್ನು ಹೊತ್ತ ಕೆರಿಯನ ಮಾತು. ಕೆರೆಗೆ ಮಣ್ಣು ಹೊತ್ತ ಹನ್ನೊಂದು ಜನರ ಹೆಸರು, ಅವನ ಬಾಯಿಂದ.' ಈ ಅಧ್ಯಾಯ ಎಲ್ಲಿ?"

ಎಲ್ಲರೂ ಪುಟ ತೆರೆದರು. ಹೆಗಡೆಯವರು ಮೈಕು ಹಿಡಿದು ನಿಂತಲ್ಲೇ ನಿಂತರು. ಮೇಲಿನಮನೆ ಯಾರ ಮನೆಯೆಂದು ಅಲ್ಲಿ ಗೊತ್ತಿಲ್ಲದವರಿರಲಿಲ್ಲ.

"ಅದು ಪ್ರೆಸ್ಸಿನವರ ತಪ್ಪು," ಎಂದರು. "ಟೈಪು ಮಾಡುವ ಹುಡುಗಿ ಎಂತದೋ ಗಡಿಬಿಡಿ ಮಾಡಿದ್ದಾಳೆ. ದಯವಿಟ್ಟು ಕೂತ್ಕೊಳ್ಳಿ."

ರಕ್ಷಿತಾಳ ಪಿತ್ತ ನೆತ್ತಿಗೇರಿತು. ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ.

"ತಪ್ಪಲ್ಲ!" ಎಂದಳು. ಸಭಾಭವನಕ್ಕೆಲ್ಲ ಕೇಳಿತು. "ಆ ಹುಡುಗಿ ನಾನೇ. ತೆಗೀರಿ ಅಂತ ಬೆರಳಿಟ್ಟು ತೋರ್ಸಿದ್ದು ನೀವು ಹೆಗಡೇರೆ. ಓಲೆಗರಿ ಹೊತ್ತವ್ರು ಇಲ್ಲೇ ಕೂತಿದಾರೆ. ಎಂತ ಇತ್ತು ಅಂತ ಬೇಕಾದ್ರೆ ಅವ್ರನ್ನೇ ಕೇಳಿ."

ಕುರ್ಚಿಗಳು ಕರಕರ ಎಂದು ಹಿಂದಕ್ಕೆ ತಿರುಗಿದವು. ಹೆಗಡೆಯವರು ಮಾಸ್ತರ ಕಡೆ ನೋಡಿದರು, ಈ ಮಾತನ್ನು ಅಲ್ಲಗಳೆಯಲಿ ಎಂಬಂತೆ. ಮಾಸ್ತರು ಎದ್ದು ಅವರ ಕೈಯಿಂದ ಮೈಕು ತೆಗೆದುಕೊಂಡರು. "ಹುಡುಗಿ ಹೇಳಿದ್ದು ಖರೆ," ಎಂದರು. "ಒಪ್ಪಿದಂವ ನಾನು." ಮೈಕನ್ನು ಮೇಜಿನ ಮೇಲಿಟ್ಟು ಕೂತರು.

ಅಜ್ಜ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದ. ಅವನಿಗೆ ಮೈಕು ಬೇಕಿರಲಿಲ್ಲ, ಗದ್ದೆಯ ಆಚೆ ದಡಕ್ಕೆ ಕೂಗಿ ಅಭ್ಯಾಸವಿದ್ದ ಗಂಟಲು.

"ಹೊತ್ತಂವ ನಾನೇ. ಕಲ್ಲು ಹೇರಿದಂವನೂ ನಾನೇ," ಎಂದ. "ಹೆಸ್ರು ಮಾತ್ರ ಮುಳುಗ್ಲಿಲ್ಲ."

ಕಣ್ಣು ಮುಚ್ಚಿಕೊಂಡ. ಹೇಳುವಾಗ ಅವನ ಮಾತಿನ ಧಾಟಿಯೇ ಬೇರೆಯಾಯಿತು, ಯಾರೋ ಓದಿದ್ದನ್ನು ಕೇಳಿ ಕಲಿತವರ ರಾಗ.

"ಕೆರೆಗೆ ಮಣ್ಣು ಹೊತ್ತವರು, ಹುಚ್ಚ. ಹುಚ್ಚನ ತಮ್ಮ ಬೈರ. ಬೈರನ ಹೆಂಡತಿ ಗಂಗೆ. ಕನ್ನನ ಮಗ ಚೌಡ, ಚೌಡನ ಅತ್ತೆ ಕೆಂಚಿ..."

"ಅಜ್ಜಾ, ಒಂಚೂರು ನಿಧಾನ," ಮೂರನೇ ಸಾಲಿನಿಂದ ಆ ಹೆಂಗಸು ಕೂಗಿದಳು. "ಗಂಗೆ ಆದ್ಮೇಲೆ ಯಾರು?"

ಅಜ್ಜ ಕಣ್ಣು ತೆರೆದ. ಸಾಲು ಸಾಲಿಗೂ ತಲೆಗಳು ತೊಡೆಯ ಮೇಲಿದ್ದ ಪುಸ್ತಕದ ಖಾಲಿ ಪುಟಗಳಿಗೆ ಬಗ್ಗಿದ್ದವು. ಪೆನ್ನಿಲ್ಲದವರು ಪಕ್ಕದವರನ್ನು ಕೇಳುತ್ತಿದ್ದರು. ಅವರೆಲ್ಲ ಬರೆದು ತಲೆಯೆತ್ತುವವರೆಗೆ ಅವನು ಕಾದ. ಆಮೇಲೆ ಮತ್ತೆ ಹುಚ್ಚನಿಂದ ಶುರುಮಾಡಿದ.